ಖಾಲಿ ಬಿಡಬೇಕಿದ್ದ ಗೂಡು

ನನ್ನ ಸೋದರತ್ತೆ ಎಷ್ಟೇ ಅಗಲವಾದ ಬೀದಿಯಲ್ಲೂ ಓರೆಯಾಗಿಯೇ ನಡೆಯುತ್ತಾರೆ. ಎಡಭುಜ ಮುಂದೆ, ಬಲಭುಜ ಹಿಂದೆ, ಮೊಣಕೈಗಳೆರಡೂ ಪಕ್ಕೆಗೆ ಅಂಟಿಕೊಂಡಂತೆ, ತಮಗೊಬ್ಬರಿಗೇ ಕಾಣುವ ಎರಡು ಗೋಡೆಗಳ ಸಂದಿಯಲ್ಲಿ ತೂರಿಕೊಂಡು ಹೋಗುವ ಹಾಗೆ. ಅಪರಿಚಿತರು ಸೊಂಟನೋವಿರಬೇಕೆಂದು ಮರುಗಿ ದಾರಿ ಬಿಡುತ್ತಾರೆ. ಅತ್ತೆಯ ಸೊಂಟ ನನ್ನ ಸೊಂಟಕ್ಕಿಂತ ಗಟ್ಟಿಯಾಗಿದೆ. ಹನ್ನೊಂದು ವರ್ಷ ಅವರು ಮಾವನ ಜೊತೆ ಇಪ್ಪತ್ತೆಂಟು ಅಡಿ ಉದ್ದದ ಒಂದು ಹಾಯಿದೋಣಿಯಲ್ಲಿ ಸಂಸಾರ ಮಾಡಿದ್ದರು. ಅದರ ಒಳಹಾದಿಯ ಅಗಲ ಎರಡು ಗೇಣು.

ದೋಣಿ ಹತ್ತುವ ಮುಂಚೆ ಅತ್ತೆ ಒಂದು ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ವಿಭಾಗದ ಮುಖ್ಯಸ್ಥೆಯಾಗಿದ್ದರು. ಹಾಸಿದ ಬಟ್ಟೆಯ ಮೇಲೆ ಕಾಗದದ ಮಾದರಿಗಳನ್ನು ಜೋಡಿಸುವಾಗ ತೋಳನ್ನು ಕೊರಳಪಟ್ಟಿಯ ಮಗ್ಗುಲಿಗೆ ತಿರುಗಿಸಿ, ಜೇಬನ್ನು ಕಂಕುಳಿನ ಬಾಗಿನಲ್ಲಿ ಮಲಗಿಸಿ, ಬೆರಳಗಲದ ಚಿಂದಿಯೂ ಉಳಿಯದಂತೆ ಕತ್ತರಿ ಆಡಿಸುವ ಆ ವಿದ್ಯೆಯನ್ನೇ ಅವರು ದೋಣಿಯ ಹೊಟ್ಟೆಯೊಳಕ್ಕೂ ಇಳಿಸಿದರು. ಹಿಡಿಯಿಲ್ಲದ ಐದು ಪಾತ್ರೆಗಳು ಒಂದರೊಳಗೊಂದು, ಲೋಟದೊಳಗೆ ಕಾಲುಚೀಲ, ದಿಂಬಿನ ಚೀಲದೊಳಗೆ ಹತ್ತಿಯ ಬದಲು ಚಳಿಗಾಲದ ಉಣ್ಣೆಬಟ್ಟೆ, ಮೆಟ್ಟಿಲಿನ ಹಲಗೆ ಎತ್ತಿದರೆ ಸುತ್ತಿಗೆ, ಉಳಿ. ಅವರ ಬೂದುಬಣ್ಣದ ಕೋಟಿಗೆ ಅವರೇ ಹೊಲಿದುಕೊಂಡ ಹದಿನಾಲ್ಕು ಜೇಬುಗಳಿದ್ದವು. ನಾನು ನಕ್ಕರೆ, "ಬೀರು ಇಡೋಕೆ ಜಾಗ ಇಲ್ಲ ಅಂದ್ರೆ ಬೀರುನೇ ತೊಟ್ಕೊಂಡ್ರಾಯ್ತು, ಅದ್ರಲ್ಲೇನಿದೆ?" ಎನ್ನುತ್ತಿದ್ದರು.

ಇದನ್ನೆಲ್ಲ ಜಾಣತನವೆಂದು ಹೊಗಳುವವರಿದ್ದರು. ನಾನೂ ಬಹುಕಾಲ ಹೊಗಳಿದೆ. ಅದರ ಬೇರು ಭಯದಲ್ಲಿದೆಯೆಂದು ತಿಳಿದದ್ದು ತಡವಾಗಿ. ದೋಣಿ ಕೊಂಡ ಮೊದಲ ವರ್ಷ, ನಡುಗಡಲಿನಲ್ಲಿ ಗಾಳಿ ಸತ್ತು, ಒಂಬತ್ತು ದಿನ ಹಾಯಿ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತಂತೆ. ಕೊನೆಯ ಎರಡು ದಿನ ಇಬ್ಬರೂ ಒಂದೇ ಡಬ್ಬಿಯ ಬಟಾಣಿಯನ್ನು ಎಣಿಸಿಕೊಂಡು ತಿಂದರಂತೆ. ಅಂದಿನಿಂದ ಅತ್ತೆಗೆ ಖಾಲಿ ಜಾಗ ಕಂಡರೆ ಏನನ್ನಾದರೂ ತುಂಬುವವರೆಗೆ ನೆಮ್ಮದಿಯಿರಲಿಲ್ಲ. ಮಾತಿನ ನಡುವೆ ಇದ್ದಕ್ಕಿದ್ದಂತೆ, "ಕಣ್ಮುಚ್ಚು. ಸೂಜಿ ಎಲ್ಲಿದೆ ಹೇಳು" ಎಂದು ಪರೀಕ್ಷೆ ಮಾಡುವರು. ತಪ್ಪು ಹೇಳಿದರೆ ನಗುತ್ತಿರಲಿಲ್ಲ, ಮುಖ ಬಿಳಿಚಿಕೊಳ್ಳುತ್ತಿತ್ತು. ಕತ್ತಲಲ್ಲಿ ಕೈ ಹಾಕಿದರೆ ಸಿಗಬೇಕು ಎನ್ನುವುದು ಅವರ ಮಂತ್ರ.

ಮಾವ ಬಂದರಿನಲ್ಲಿ ಯಂತ್ರ ದುರಸ್ತಿ ಮಾಡುತ್ತಿದ್ದವರು, ಮಿತಭಾಷಿ. ಹೆಂಡತಿಯ ಈ ರಾಜ್ಯಭಾರದಲ್ಲಿ ಅವರು ತಲೆ ಹಾಕಿದವರಲ್ಲ, ಒಂದು ವಿಷಯದ ಹೊರತು. ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ತೋಳುದ್ದದ ಒಂದು ಗೂಡಿತ್ತು. ಅದರ ಒಳತುದಿಯಲ್ಲಿ ದೋಣಿಯ ಮೈಗೇ ಕೊರೆದ ಒಂದು ತೂತು. ತೊಳೆಯಲು ಸಮುದ್ರದ ನೀರೆಳೆಯುವ ಪೈಪು ಅಲ್ಲಿಂದ ಹೊರಡುತ್ತಿತ್ತು. ತೂತಿಗೆ ಹಿತ್ತಾಳೆಯ ಒಂದು ವಾಲ್ವು. ಪೈಪು ಕಳಚಿದರೆ ಆ ವಾಲ್ವನ್ನು ತಿರುಗಿಸಿ ಮುಚ್ಚಬೇಕು, ಇಲ್ಲವೇ ಸಮುದ್ರವನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಕು. "ಇಡೀ ದೋಣಿ ನಿಂದು ಕಣೇ. ಅದೊಂದು ಗೂಡು ಮಾತ್ರ ಖಾಲಿ ಬಿಟ್ಬಿಡು" ಎಂದಿದ್ದರು ಮಾವ. ಅತ್ತೆಗೆ ಅದು ಕಣ್ಣಿಗೆ ಬಿದ್ದ ಕಸ. ಆಗಾಗ ಆ ಗೂಡಿನ ಬಾಗಿಲು ತೆರೆದು, ನಿಟ್ಟುಸಿರು ಬಿಟ್ಟು, ಮುಚ್ಚುತ್ತಿದ್ದರಂತೆ. ಇಟ್ಟದ್ದು ಮಾತ್ರ ಏನೂ ಇಲ್ಲ.

ಹನ್ನೊಂದನೆಯ ವರ್ಷ ನಾನು ಎಂಟು ದಿನ ಇದ್ದು ಬರುತ್ತೇನೆಂದು ಹೋದೆ. ನಾನು ಆರಡಿ ಎರಡಂಗುಲದ ಆಸಾಮಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಮನಸ್ಸಿನಲ್ಲಿ ಜಪಿಸುತ್ತಲೇ ಒಳಗಿಳಿದರೆ, ಎಡಮಗ್ಗುಲಲ್ಲಿ ಅಂಗುಲವೂ ಕಡಿಮೆಯಾಗದಂತೆ ನನ್ನ ಅಳತೆಯದೇ ಒಂದು ಮಂಚ ಸಿದ್ಧವಾಗಿತ್ತು. "ಇಷ್ಟು ಜಾಗ ಎಲ್ಲಿಂದ ಬಂತು ಅತ್ತೆ?" ಎಂದೆ. "ಜಾಗ ಎಲ್ಲಿಂದಾನೂ ಬರಲ್ಲ ಕಣೋ, ಮಾಡ್ಕೋಬೇಕು. ಮಲಕ್ಕೋ" ಎಂದರು. ಮಲಗಿದೆ, ಆದರೆ ಸುಖವಾಗಿ ಅಲ್ಲ. ಕಿವಿಗೂ ಕಡಲಿಗೂ ನಡುವೆ ಹೆಬ್ಬೆರಳು ದಪ್ಪದ ಹಲಗೆ. ಆಚೆಯಿಂದ ನೀರು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದಂತಿತ್ತು. ಎದ್ದು ಕೂತರೆ ತಲೆಗೆ ಛಾವಣಿ ಬಡಿಯುತ್ತಿತ್ತು. ಉಸಿರಾಡಲು ನನ್ನ ಪಾಲಿನ ಗಾಳಿ ಎಲ್ಲಿದೆಯೆಂದು ಕೇಳಬೇಕೆನಿಸುತ್ತಿತ್ತು. ನಾನು ಹೆದರಿದ್ದೆ, ಹಾಗೆಂದು ಹೇಳಲು ನಾಚಿದೆ.

ಮೂರನೆಯ ದಿನ ಇನ್ನೊಂದು ಬಂದರಿಗೆ ಹೊರಟೆವು. ಮಧ್ಯಾಹ್ನ ಊಟದ ಹೊತ್ತಿಗೆ ದಡ ಕಣ್ಣಿಗೆ ಕಾಣದಾಯಿತು. ಗಾಳಿ ಬಲವಾಗಿ ದೋಣಿ ಒಂದು ಮಗ್ಗುಲಿಗೆ ವಾಲಿಕೊಂಡು ಓಡುತ್ತಿತ್ತು. ಮಾವ ಮೇಲೆ ಚುಕ್ಕಾಣಿ ಹಿಡಿದಿದ್ದರು, ಅತ್ತೆ ಒಳಗೆ ಏನನ್ನೋ ಹೆಚ್ಚುತ್ತಿದ್ದರು. ಕುಡಿಯುವ ನೀರಿಗೆಂದು ಮೆಟ್ಟಿಲಿಳಿದ ನನ್ನ ಪಾದ ತಣ್ಣಗಾಯಿತು. ನೆಲದ ಹಲಗೆಗಳ ಸಂದಿನಿಂದ ನೀರು ಸದ್ದಿಲ್ಲದೆ ಮೇಲಕ್ಕೆ ಬರುತ್ತಿತ್ತು.

ಅತ್ತೆ ಕೂಗಲಿಲ್ಲ. ಬಗ್ಗಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಸಿಹಿಯಾಗಿದ್ದರೆ ನಮ್ಮ ಕುಡಿಯುವ ನೀರಿನ ತೊಟ್ಟಿ ಸೋರಿದೆ, ಅಷ್ಟೆ.

"ಉಪ್ಪು ನೀರು ರೀ" ಎಂದರು.

ಮೇಲಿನಿಂದ ಮಾವನ ಕೂಗು ಬಂತು: "ಪೈಪು ಕಳಚಿರ್ಬೇಕು! ನಾ ಇದನ್ನ ಬಿಟ್ಟು ಬರೋ ಹಾಗಿಲ್ಲ. ಗೂಡಿನ ವಾಲ್ವು ತಿರುಗ್ಸು, ಕೈಗೆ ಸಿಗುತ್ತಲ್ಲ?"

"ಸಿಗುತ್ತೆ ರೀ" ಎಂದರು ಅತ್ತೆ. ಅಷ್ಟು ಹೊತ್ತಿಗೆ ಅವರು ಗೂಡಿನ ಬಾಗಿಲು ತೆಗೆದಿದ್ದರು.

ಒಳಗೆ ಕೈ ಹಾಕಲು ಜಾಗವೇ ಇರಲಿಲ್ಲ. ತಳದಿಂದ ಮೇಲಿನವರೆಗೆ, ಅಂಚಿನಿಂದ ಅಂಚಿಗೆ ಊಟದ ಡಬ್ಬಿಗಳು, ಬೆರಳು ತೂರದಷ್ಟು ಬಿಗಿಯಾಗಿ, ಅಂದವಾಗಿ. ಅತ್ತೆಯ ಉಗುರುಗಳು ತಗಡಿನ ಮೇಲೆ ಕೆರೆದು ಜಾರಿದವು. ಮೊದಲ ಡಬ್ಬಿಯನ್ನು ಹಿಡಿದೆಳೆಯಲು ಎಲ್ಲಿಯೂ ಹಿಡಿತವಿರಲಿಲ್ಲ. ಜೀವಮಾನವೆಲ್ಲ ಸಂದು ಉಳಿಸದೆ ಜೋಡಿಸಿದ ಆ ಕೈಗಳು ಈಗ ಒಂದು ಸಂದಿಗಾಗಿ ತಡಕಾಡಿದವು. "ಪಂಪು! ಪಂಪು ಹೊಡಿಯೋ!" ಎಂದು ನನ್ನತ್ತ ಚೀರಿದರು.

ಕೈಪಂಪಿನ ಹಿಡಿಯನ್ನು ಹಿಡಿದು ಜಗ್ಗಿದೆ. ಹತ್ತು ಸಲ ನೀರೆತ್ತಿತು, ಹನ್ನೊಂದನೆಯ ಸಲ ಸಿಕ್ಕಿಹಾಕಿಕೊಂಡಿತು. ಪಂಪಿನ ಬಾಯಿಗೆ ಕೈ ಹಾಕಿದರೆ ಹಿಟ್ಟಿನಂತೆ ನೆನೆದ ಕಾಗದ, ಡಬ್ಬಿಗಳ ಮೇಲಿನ ಚೀಟಿ. ದೋಣಿಯವರು ಚೀಟಿ ಕಿತ್ತು, ಮುಚ್ಚಳದ ಮೇಲೆ ಬಣ್ಣದಿಂದ ಗುರುತು ಬರೆದ ಮೇಲೆಯೇ ಡಬ್ಬಿಯನ್ನು ನೀರು ತಾಗಬಹುದಾದ ಕೆಳಗಿನ ಗೂಡಿಗೆ ಇಳಿಸುತ್ತಾರೆ. ಅತ್ತೆ ಎಂದೂ ತಪ್ಪಿಸಿದವರಲ್ಲ. ಈ ಡಬ್ಬಿಗಳನ್ನು ಅವಸರದಲ್ಲಿ ತುಂಬಲಾಗಿತ್ತು. ನಾನು ಕಾಗದ ಬಗೆದೆ, ಜಗ್ಗಿದೆ, ಮತ್ತೆ ಬಗೆದೆ. ನೀರು ನನ್ನ ಮೀನಖಂಡಕ್ಕೆ ಬಂತು. ಮಂಚದ ಕೆಳಗಿನಿಂದ ನನ್ನ ಚಪ್ಪಲಿ ತೇಲಿಕೊಂಡು ಬಂದು ಕಾಲಿಗೆ ಮುಟ್ಟಿದಾಗ ನಾನು ಹೆಂಗಸರಂತೆ, ಮಕ್ಕಳಂತೆ ಎಂದೆಲ್ಲ ಹೇಳುವುದಿಲ್ಲ, ಸಾಯಲು ಹೆದರಿದ ಮನುಷ್ಯನಂತೆ ಅತ್ತುಬಿಟ್ಟೆ.

ಸೋದರತ್ತೆ ಸೌಟಿನ ಹಿಡಿಯನ್ನು ಮೀಟುಗೋಲು ಮಾಡಿ ಮೊದಲ ಡಬ್ಬಿಯನ್ನು ಕಿತ್ತಿದ್ದರು. ಆಮೇಲಿನವು ಒಂದೊಂದಾಗಿ ಅವರ ಕಾಲುಗಳ ನಡುವೆ ನೀರಿಗೆ ಬಿದ್ದವು. "ಆಯ್ತೇನೇ?" ಎಂದು ಮೇಲಿಂದ ಕೇಳಿತು. "ಆಯ್ತು, ಆಯ್ತು" ಎಂದರು, ಆಗದೆಯೇ. ಕಡೆಗೆ ಕೆನ್ನೆಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ, ಭುಜದವರೆಗೂ ತೋಳನ್ನು ತೂರಿಸಿದರು. ಅವರ ಕಣ್ಣು ನನ್ನ ಮೇಲಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. "ಇಲ್ಲ... ಇಲ್ಲ... ಇಲ್ಲ ಕಣೋ..." ಆಮೇಲೆ ಬಹಳ ಮೆಲ್ಲಗೆ, "ಸಿಕ್ತು."

ಹಿತ್ತಾಳೆ ಕಿರುಗುಟ್ಟಿತು. ಒಳಗೆ ಬುಳುಬುಳು ಎನ್ನುತ್ತಿದ್ದ ಸದ್ದು ನಿಂತಿತು. ಅತ್ತೆ ಆ ನೀರಿನಲ್ಲೇ ಕುಸಿದು ಕೂತರು.

ಸಂಜೆ ಬಂದರು ಸೇರಿದೆವು. ಒದ್ದೆಯಾದುದನ್ನೆಲ್ಲ ಕಟ್ಟೆಯ ಮೇಲೆ ಹರಡಿದೆವು. ನನ್ನ ಮಂಚದ ಹಾಸಿಗೆಯನ್ನು ಎತ್ತಿದಾಗ ಕೆಳಗಿನ ಹಲಗೆಯ ಮೇಲೆ ತುಕ್ಕಿನ ದುಂಡು ಗುರುತುಗಳು ಕಂಡವು, ಒರೆಸಿ ತೆಗೆಯಲು ನೋಡಿದ್ದರೂ ಹೋಗದವು, ಸಾಲಿಗೆ ಏಳರಂತೆ ಆರು ಸಾಲು. ಹೊರಗೆ ಬಂದು ಡಬ್ಬಿಗಳನ್ನು ಎಣಿಸಿದೆ. ನಲವತ್ತೆರಡು.

ಅದೇ ಹೊತ್ತಿಗೆ ಮಾವ ಒಂದು ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದರು: "ಇವು ಆ ಗೂಡಿಗೆ ಹೇಗೆ ಬಂದ್ವು?"

ನಾನು ಬಾಯಿ ತೆರೆದೆ. ಅತ್ತೆ ನನಗಿಂತ ಬೇಗ ಮಾತಾಡಿದರು. "ನಾನೇ ಇಟ್ಟೆ. ಖಾಲಿ ಇರೋದನ್ನ ನೋಡೋಕಾಗ್ಲಿಲ್ಲ. ನನ್ನ ದುರಾಸೆ."

"ಹನ್ನೊಂದು ವರ್ಷದಲ್ಲಿ ಒಂದೇ ಒಂದು ಮಾತು ಹೇಳಿದ್ದೆ ನಿಂಗೆ" ಎಂದರು ಮಾವ. ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ನಾನು ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಆ ಮಳೆಗಾಲ ಕಳೆಯುವುದರೊಳಗೆ ದೋಣಿಯನ್ನು ಮಾರಿದರು. ಇನ್ನು ಇವಳನ್ನು ನಂಬಿ ಚುಕ್ಕಾಣಿ ಹಿಡಿಯಲಾರೆ ಎಂದು ಮಾವ ನನ್ನ ಅಪ್ಪನಿಗೆ ಹೇಳಿದರಂತೆ. ಈಗ ಇಬ್ಬರೂ ಎರಡು ಕೋಣೆಯ ಮನೆಯಲ್ಲಿದ್ದಾರೆ. ಬಂದವರೆದುರು ಮಾವ, "ಇವಳ ದುರಾಸೆ ನಮ್ಮನ್ನ ದಡ ಸೇರಿಸ್ತು" ಎಂದು ತಮಾಷೆ ಮಾಡುತ್ತಾರೆ, ಅತ್ತೆಯೂ ಜೊತೆಗೆ ನಗುತ್ತಾರೆ, ನಾನಿದ್ದರೆ ನಾನೂ ನಗುತ್ತೇನೆ.

ಇಕ್ಕಟ್ಟಿನಲ್ಲಿ ಬದುಕಲು ಕಲಿತವರನ್ನು ಜಿಪುಣರೆಂದು, ಆಸೆಬುರುಕರೆಂದು ನಾವು ಲಘುವಾಗಿ ಆಡಿಕೊಳ್ಳುತ್ತೇವೆ. ಅವರ ಬಳಿ ಮಿಗುವ ಜಾಗವೆಂಬುದು ಇರುವುದೇ ಇಲ್ಲ. ಆದ್ದರಿಂದ ಬಂದವರಿಗೆ ಕೊಡಬೇಕಾದಾಗ ಅವರು ತಮ್ಮ ಪ್ರಾಣಕ್ಕೆಂದು ತೆಗೆದಿರಿಸಿದ ಜಾಗದಿಂದಲೇ ಕತ್ತರಿಸಿ ಕೊಡುತ್ತಾರೆ, ಕೊಟ್ಟೆವೆಂದು ಹೇಳುವುದಿಲ್ಲ, ಕೇಳಿದರೆ ದುರಾಸೆಯೆನ್ನುತ್ತಾರೆ. ಅಂಥವರ ಮನೆಯಲ್ಲಿ ಮಲಗಿ ಎದ್ದ ನಮ್ಮಂಥವರು ಅದು ಎಲ್ಲಿಂದ ಬಂತೆಂದು ಎರಡನೆಯ ಸಲ ಕೇಳುವುದಿಲ್ಲ. ಗೊತ್ತಿಲ್ಲದೆ ಅಲ್ಲ, ಗೊತ್ತಾಗಿರುವ ಭಯಕ್ಕೆ.