ಚಂಪಾಬಾಯಿ ಒಣಗಿಸಿದ ಮಣ್ಣು

ಕಬನೂರಿನ ಚಂಪಾಬಾಯಿ ಒಳ್ಳೆಯ ಹೆಂಗಸು. ಉಪವಾಸ ತಪ್ಪಿಸುವವಳಲ್ಲ, ಬಟ್ಟೆಯಲ್ಲಿ ಸೋಸದೆ ಹನಿ ನೀರು ಕುಡಿಯುವವಳಲ್ಲ. ಆದರೆ ಹೊಟ್ಟೆಕಿಚ್ಚು ಮಾತ್ರ ಒಂದು ಕೊಡ ಹೆಚ್ಚೇ ಇತ್ತು. ನೆರೆಮನೆಯ ಯಮುನವ್ವ ಹೊಸ ಸೀರೆ ಉಟ್ಟರೆ ಈಕೆಗೆ ಊಟ ಸೇರುತ್ತಿರಲಿಲ್ಲ. ಯಮುನವ್ವನ ಗಂಡ ಇನ್ನೊಂದು ಮಗ್ಗ ಹಾಕಿದಾಗ ಎರಡು ದಿನ ತಲೆನೋವೆಂದು ಮಲಗಿದ್ದಳು. ಸಮಾಧಾನ ಇದ್ದದ್ದು ಒಂದೇ ವಿಷಯದಲ್ಲಿ. "ಚಂಪಾಬಾಯಿ ಬಾವಿ ನೀರಾಗ ಬ್ಯಾಳಿ ಲಗೂನ ಬೇಯತೈತಿ" ಎಂದು ಓಣಿಯೆಲ್ಲ ಹೇಳುತ್ತಿತ್ತು.

ಎರಡೂ ಮನೆಗಳ ನಡುವೆ ಒಂದು ಹಳೆಯ ಪೆಟ್ರೋಲ್ ಪಂಪು ಇತ್ತು. ೧೯೮೬ರಲ್ಲಿ ಅದು ಮುಚ್ಚಿತು. ಇಪ್ಪತ್ತು ವರ್ಷ ನೆಲದಲ್ಲಿ ಹೂತಿದ್ದ ಕಬ್ಬಿಣದ ಟಾಕಿಯನ್ನು ಎತ್ತಲು ಕ್ರೇನ್ ಬಂತು. ಟಾಕಿ ಸೋರಿದ್ದರೆ ಪೆಟ್ರೋಲು ಮಣ್ಣಿಗೆ ಇಳಿಯುತ್ತದೆ, ಮಣ್ಣಿನಿಂದ ಬಾವಿಗೆ ಸೇರುತ್ತದೆ. ಅದಕ್ಕಾಗಿ ಮಣ್ಣು ಪರೀಕ್ಷೆ ಮಾಡಿಸಲು ಪಂಚಾಯಿತಿಯವರು ಕೃಷ್ಣಾತನನ್ನು ಕರೆಸಿದರು. ಅವನು ಇಚಲಕರಂಜಿಯಲ್ಲಿ ರಸಾಯನಶಾಸ್ತ್ರ ಕಲಿಸುವ ಮಾಸ್ತರ. ಮೇಲಾಗಿ ಯಮುನವ್ವನ ತಮ್ಮ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಕೃಷ್ಣಾತ ಯಾರನ್ನೂ ಟಾಕಿ ಎತ್ತಿದ ತಗ್ಗಿಗೆ ಇಳಿಯಗೊಡಲಿಲ್ಲ, ಬೀಡಿ ಹಚ್ಚಗೊಡಲಿಲ್ಲ. ಉದ್ದನೆಯ ಹಿಡಿಕೆಯ ಸೌಟಿನಿಂದ, ಟಾಕಿ ಕೂತಿದ್ದ ಜಾಗದ ಕೆಳಗಿನ ಮಣ್ಣನ್ನೇ ಎತ್ತಿದ. ಗಾಜಿನ ಬಾಟಲಿಗೆ ಬಾಯಿತನಕ ತುಂಬಿ, ಮುಚ್ಚಳ ಬಿಗಿದು, ಚೀಟಿ ಅಂಟಿಸಿ, ಬರ್ಫದ ಡಬ್ಬಿಯಲ್ಲಿ ಇಟ್ಟ. ಅದು ಯಮುನವ್ವನ ಮನೆಯ ಕಡೆಯ ಮಣ್ಣು. ಅಷ್ಟರಲ್ಲಿ ಚಂಪಾಬಾಯಿಯ ಕಡೆಯ ದಂಡೆ ಕುಸಿಯತೊಡಗಿತು. "ಆ ಕಡೀದು ನಾಳೆ ತಗೀತೇನಿ" ಎಂದು ಅವನು ಹೊರಟುಹೋದ.

"ನೋಡಿದ್ರಿ? ಮೊದಲ ಅಕ್ಕನ ಕಡೀದು" ಎಂದಳು ಚಂಪಾಬಾಯಿ ಗಂಡ ಜಿನಗೊಂಡನಿಗೆ. "ನಾಳೆ ನಮ್ಮ ಮಣ್ಣಾಗ ತಪ್ಪು ತಗದು, ಅಕ್ಕನ ಬಾವೀನ ಚೊಲೋ ಅಂತ ಬರದ ಕೊಡತಾನ."

"ಮಣ್ಣಿಗೆ ಅಕ್ಕ ಯಾರು, ತಮ್ಮ ಯಾರು? ಸುಮ್ನ ಇರ ನೀ" ಎಂದ ಜಿನಗೊಂಡ.

ಸುಮ್ಮನಿದ್ದರೆ ಅವಳು ಚಂಪಾಬಾಯಿ ಹೇಗಾದಾಳು? ಹೋದ ವರ್ಷ ಅವರು ಕಬ್ಬಿನ ಹೊಲದ ಮಣ್ಣನ್ನು ಪರೀಕ್ಷೆಗೆ ಕೊಟ್ಟಿದ್ದರು. ಒಣಗಿಸಿ, ಪುಡಿ ಮಾಡಿ, ಅರಿವೆಯ ಚೀಲದಲ್ಲಿ ಕಳಿಸಿದ್ದು ಆಕೆಗೆ ನೆನಪಿತ್ತು. ಕೂಲಿಯ ತಾನಾಜಿಯಿಂದ ಆ ತಗ್ಗಿನ, ತನ್ನ ಮನೆಯ ಕಡೆಯ ಮಣ್ಣನ್ನು ಒಂದು ಬುಟ್ಟಿ ತರಿಸಿದಳು. ಮಾಳಿಗೆಯ ಮೇಲೆ ಸಂಡಿಗೆಯಂತೆ ತೆಳ್ಳಗೆ ಹರಡಿ, ಸಂಜೆಯವರೆಗೆ ಬಿಸಿಲಿಗೆ ಒಣಗಿಸಿ, ಹಿಟ್ಟಿನ ಜರಡಿಯಲ್ಲಿ ಸಾಣಿಸಿ, ಅರಿವೆಯ ಚೀಲಕ್ಕೆ ತುಂಬಿದಳು.

ಮಗಳು ಜಿನಮತಿ ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಳು. "ಅವ್ವಾ, ಏನ ಮಾಡಾಕತ್ತಿ?" ಎಂದು ಕೇಳಿದಳು.

"ನಿನ್ನ ತವರಮನಿ ಮರ್ಯಾದಿ ಉಳಸಾಕತ್ತೇನಿ."

ಮರುದಿನ ಚಂಪಾಬಾಯಿ ಆ ಚೀಲವನ್ನು ಕೃಷ್ಣಾತನ ಕೈಗಿಟ್ಟಳು. "ಮಾಸ್ತರ, ನಮ್ಮ ಕಡೀ ಮಣ್ಣು ತಯಾರ ಐತಿ. ಮತ್ತ ಕೆದರೂದು ಬ್ಯಾಡ."

ಕೃಷ್ಣಾತ ಚೀಲ ಬಿಚ್ಚಿ ನೋಡಿದ. "ಅಕ್ಕಾರ, ಬಿಸಲಿಗೆ ಹಾಕಿದ್ರೇನು?"

"ಹೌದ್ರಿ. ಹೊಲದ ಮಣ್ಣು ಹಿಂಗ ಕೊಟ್ಟಿದ್ವಿ."

"ಅದು ಗೊಬ್ಬರದ ಪರೀಕ್ಷಾ, ಒಣಗಿಸಿದ್ರ ನಡೀತೈತಿ. ಇದು ಪೆಟ್ರೋಲಿನ ಪರೀಕ್ಷಾ. ಬಿಸಲಿಗೆ ಅದು ಹಾರಿ ಹೋಗತೈತಿ. ಒಣಗಿಸಿದ ಬುಟ್ಟಿ ಮಣ್ಣು ಮಾತ್ರ ಸ್ವಚ್ಛ ಕಾಣತೈತಿ, ನೆಲದಾಗಿನ ಪೆಟ್ರೋಲ್ ಅಲ್ಲೇ ಇರತೈತಿ."

"ನಿಮ್ಮ ಅಕ್ಕಂದು ಪಾಸ, ನಮ್ದು ನಪಾಸ. ಅಷ್ಟ ಹೇಳ್ರಿ."

ಕೃಷ್ಣಾತ ಆಕೆಯ ಕಡೆಯ ತಗ್ಗಿನ ತಳದಿಂದಲೇ ಒಂದು ಸೌಟು ಹಸಿ ಮಣ್ಣು ಎತ್ತಿದ. ಪರೀಕ್ಷೆಗೆ ಬಾಟಲಿ ತುಂಬಿಟ್ಟು, ಉಳಿದದ್ದನ್ನು ಒಂದು ನೀರಿನ ಬಾಟಲಿಗೆ ಹಾಕಿದ. ಇನ್ನೊಂದಕ್ಕೆ ಚೀಲದ ಮಣ್ಣು ಹಾಕಿದ. ಎರಡನ್ನೂ ಕುಲುಕಿ ಕಟ್ಟೆಯ ಮೇಲಿಟ್ಟ. ಚೀಲದ ಮಣ್ಣಿನದು ಬರೀ ರಾಡಿ ನೀರು. ಹಸಿ ಮಣ್ಣಿನ ನೀರಿನ ಮೇಲೆ ಬಣ್ಣಬಣ್ಣದ ತೆಳು ಪದರು ತೇಲಿತು. ಮುಚ್ಚಳ ತೆಗೆದರೆ ಪಂಪಿನ ವಾಸನೆ.

"ಎರಡೂ ನಿಮ್ಮ ಕಡೀ ಮಣ್ಣ ಅಕ್ಕಾರ" ಎಂದ ಕೃಷ್ಣಾತ.

ಚಂಪಾಬಾಯಿ ತಿರುಗಿ ನೋಡಿದರೆ ಜಿನಮತಿ ತಮ್ಮ ಬಾವಿಕಟ್ಟೆಯ ಮೇಲೆ ಕೂತು ತಂಬಿಗೆ ಎತ್ತುತ್ತಿದ್ದಳು. ಚಂಪಾಬಾಯಿ ಓಡಿಹೋಗಿ ತಂಬಿಗೆ ಕಸಿದುಕೊಂಡಳು.

"ಸೋಸಿದ ನೀರವ್ವಾ ಇದು" ಎಂದಳು ಜಿನಮತಿ.

ಹಿಂದೆಯೇ ಬಂದ ಕೃಷ್ಣಾತ ಹೇಳಿದ: "ಅರಿವಿ ಹುಳಾ ಹಿಡೀತೈತಿ ತಂಗಿ, ಪೆಟ್ರೋಲ್ ಹಿಡಿಯೂದಿಲ್ಲ. ಕಾಸಿದ ನೀರನೂ ನೆಚ್ಚಬ್ಯಾಡ. ಪರೀಕ್ಷಾ ಆಗೂತನಕ ಈ ಬಾವಿ ನೀರ ಬ್ಯಾಡ." ಎರಡೂ ಮನೆಗಳ ಬಾವಿಯ ನೀರನ್ನೂ ಒಂದೊಂದು ಬಾಟಲಿ ತುಂಬಿಕೊಂಡು ಹೋದ.

ಹತ್ತು ದಿನಕ್ಕೆ ವರದಿ ಬಂತು. ಯಮುನವ್ವನ ಕಡೆಯ ಮಣ್ಣೂ ಅವಳ ಬಾವಿಯ ನೀರೂ ಸ್ವಚ್ಛ. ಚಂಪಾಬಾಯಿಯ ಕಡೆಯ ಮಣ್ಣಿನಲ್ಲಿ ಪೆಟ್ರೋಲು ಇತ್ತು, ಆಕೆಯ ಬಾವಿಯ ನೀರಿಗೂ ಸೇರಲು ಶುರುವಾಗಿತ್ತು. ವಾಸನೆ ಬರುವಷ್ಟು ಇನ್ನೂ ಆಗಿರಲಿಲ್ಲ, ಅಷ್ಟೇ. ಆ ಒಣ ಚೀಲವೇ ಪರೀಕ್ಷೆಗೆ ಹೋಗಿದ್ದರೆ ಬಾವಿಗೆ ಚೊಲೋ ಎಂಬ ಚೀಟಿ ಸಿಗುತ್ತಿತ್ತು, ಬಸುರಿ ಮಗಳು ಅದೇ ನೀರು ಕುಡಿಯುತ್ತಿದ್ದಳು. ಪಂಚಾಯಿತಿಯವರು ಆ ಬಾವಿ ಮುಚ್ಚಿಸಿದರು. ಕೆಟ್ಟ ಮಣ್ಣನ್ನೆಲ್ಲ ತೆಗೆಸಿ ಮತ್ತೆ ಪರೀಕ್ಷೆ ಮಾಡಿಸುವಂತೆ ಪಂಪಿನ ಮಾಲೀಕನಿಗೆ ಹೇಳಿದರು.

ಚಂಪಾಬಾಯಿ ಕೊಡ ಹೊತ್ತು ಯಮುನವ್ವನ ಬಾವಿಗೆ ಹೋಗಬೇಕಾಯಿತು. ಹೊಟ್ಟೆಕಿಚ್ಚು ಆರಿತೆಂದು ಸುಳ್ಳು ಹೇಳುವುದಿಲ್ಲ. ಹಗ್ಗ ಜಗ್ಗುವಾಗ ಕೈಗಿಂತ ಎದೆಯೇ ಹೆಚ್ಚು ಉರಿಯಿತು.

"ಚಂಪಕ್ಕಾ, ನಮ್ಮ ನೀರ ಸಿಹಿ ಐತೇನ?" ಎಂದು ಯಮುನವ್ವ ಕೇಳಿಯೇಬಿಟ್ಟಳು.

ಚಂಪಾಬಾಯಿ ಕೊಡದ ಬಾಯಿಗೆ ಅರಿವೆ ಕಟ್ಟಿದಳು. "ಬ್ಯಾಳಿ ನಮ್ಮ ನೀರಾಗ ಲಗೂನ ಬೇಯತಿತ್ತು" ಎಂದಳು. ಅರಿವೆಯ ಗಂಟು ಬಿಗಿದು, "ಆದ್ರ ನನ್ನ ಮಗಳು ಬದುಕೂದು ಈ ನೀರಾಗ ಯಮುನಾ" ಎಂದಳು. ಯಮುನವ್ವ ಇನ್ನೊಂದು ಕೊಡ ಸೇದಿ ಕೊಟ್ಟಳು.

ಅಕ್ಕತಂಗಿಯರೇ, ನಿಮ್ಮ ಓಣಿಯಲ್ಲೂ ಹಳೆಯ ಟಾಕಿ ತೆಗೆಯುವ ದಿನ ಬರಬಹುದು. ಆಗ ದೂರ ನಿಂತೇ ಕೇಳಿ: ಮಣ್ಣು ತಳದಿಂದ ತೆಗೆದಿರೋ, ಎರಡೂ ತುದಿಗಳಿಂದ ತೆಗೆದಿರೋ, ಬಾಟಲಿಯನ್ನು ಕೂಡಲೇ ಬಿಗಿದು ತಂಪಿನಲ್ಲಿಟ್ಟಿರೋ? ಕುಲುಕಿದಾಗ ಪದರು ಕಾಣಲಿಲ್ಲವೆಂದು ನಂಬಬೇಡಿ, ಪ್ರಯೋಗಶಾಲೆಯ ವರದಿ ಬರಲಿ. ಅಗೆದ ಮಣ್ಣನ್ನು ಮನೆಯ ಅಂಗಳಕ್ಕೆ ತರಬೇಡಿ. ನೆರೆಯವಳ ಮೇಲೆ ಹೊಟ್ಟೆಕಿಚ್ಚು ಪಡುವುದಿದ್ದರೆ ಪಡಿ, ಮಣ್ಣನ್ನು ಮಾತ್ರ ಒಣಗಿಸಬೇಡಿ.