ಏನೂ ಗೊತ್ತಿಲ್ಲದವರ ಮೊದಲ ಆಟ

ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ಈ ಆಟವನ್ನು ನಾನು ಆಡಿಲ್ಲ. ಈ ಆಟವನ್ನು ನಾನು ನೋಡಿಲ್ಲ. ಈ ಆಟದ ಬಗ್ಗೆ ನಾನು ಏನನ್ನೂ ಓದಿಲ್ಲ. ಕೆಳಗೆ ಸಹಿ ಮತ್ತು ತಾರೀಖು: 2009ರ ಫೆಬ್ರುವರಿ 24, ಮಂಗಳವಾರ. ಮೂರನೆಯ ಸಾಲು ಓದಿದಾಗ ಶಿವದೇವಿಯ ಅಂಗೈ ಬೆವೆತಿತ್ತು.

ಅವಳು ಕೆಲಸ ಮಾಡುತ್ತಿದ್ದ ಹೈದರಾಬಾದಿನ ಕೊಂಡಾಪುರದ ಕಂಪನಿ ವಿಡಿಯೋ ಗೇಮ್‌ಗಳನ್ನು ಮಾರುಕಟ್ಟೆಗೆ ಹೋಗುವ ಮೊದಲು ಆಡಿ, ತಪ್ಪು ಹುಡುಕಿ ಕೊಡುತ್ತಿತ್ತು. ಈ ಸಲ ಅಮೆರಿಕದಿಂದ ಬಂದದ್ದು ಅಲ್ಲಿನ ಕಾಲೇಜು ಫುಟ್‌ಬಾಲ್‌ನ ಹೊಸ ಗೇಮ್. ನಮ್ಮ ಕಡೆಯ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಹೆಲ್ಮೆಟ್ ತೊಟ್ಟವರು ಒಬ್ಬರ ಮೇಲೊಬ್ಬರು ಬೀಳುವ ಆಟ. ಅದರ ಗಂಧವೂ ಇಲ್ಲದ ಮೂವರನ್ನು ಒಬ್ಬೊಬ್ಬರಾಗಿ ಕ್ಯಾಮೆರಾ ಮುಂದೆ ತೊಂಬತ್ತು ನಿಮಿಷ ಆಡಿಸಬೇಕು, ಅನಿಸಿದ್ದನ್ನೆಲ್ಲ ಅವರು ತಮ್ಮ ಭಾಷೆಯಲ್ಲೇ ಗಟ್ಟಿಯಾಗಿ ಹೇಳಬೇಕು, ಅದನ್ನು ಇಂಗ್ಲಿಷಿಗೆ ಅನುವಾದಿಸಿ ಕಳಿಸಬೇಕು. ಅಮೆರಿಕದವರು ಕೇಳಿದ್ದು ಇಷ್ಟು.

ಆದರೆ ಫೆಬ್ರುವರಿ 13ರಂದು ಶಿವದೇವಿಯ ಮೊಬೈಲಿಗೆ ಬಂದ ಸಂದೇಶದಲ್ಲಿ ಇದೊಂದೂ ಇರಲಿಲ್ಲ. ‘24ಕ್ಕೆ ಕಾಲೇಜ್ ಫುಟ್‌ಬಾಲ್, ನಿಮ್ಮ ಪಾಳಿ. ತಯಾರಾಗಿ ಬರ್ರಿ.’ ಕಳಿಸಿದವರು ತಂಡದ ಮುಖ್ಯಸ್ಥ ಅಮರೇಶಪ್ಪ, ರಾಯಚೂರಿನವರು. ಯಾವ ಕೆಲಸಕ್ಕೂ ಮುಂಚೆ ಅವರು ಕಳಿಸುತ್ತಿದ್ದದ್ದು ಅದೇ ಸಂದೇಶ.

ಶಿವದೇವಿ ತಯಾರಾದಳು. ಮಲ್ಕಾಜ್‌ಗಿರಿ ಸ್ಟೇಷನ್ ಹತ್ತಿರದ ಇಂಟರ್‌ನೆಟ್ ಸೆಂಟರಿನಲ್ಲಿ ಹತ್ತು ದಿನ ಕೂತು ನಿಯಮ ಓದಿದಳು, ಪಂದ್ಯಗಳ ತುಣುಕು ನೋಡಿದಳು, ನೋಟ್‌ಬುಕ್ಕಿನಲ್ಲಿ ಅರವತ್ತೆರಡು ಪುಟ ಬರೆದಳು. ಸೋಮವಾರ ಶಿವರಾತ್ರಿ. ಉಪವಾಸದಲ್ಲೇ ಆರು ತಾಸು ಅಲ್ಲಿ ಕೂತು ಬಂದವಳನ್ನು ನೋಡಿ, ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ತಂದೆ ವೈಜನಾಥ ನಕ್ಕಿದ್ದರು.

“ಏನವ್ವಾ, ಕಲೆಕ್ಟರ್ ಪರೀಕ್ಷಾ ಏನ್ ನಿಂದು?”

“ಕಲೆಕ್ಟರ್‌ದು ಫೇಲಾದ್ರ ಮತ್ತೊಮ್ಮೆ ಬರೀಬಹುದಪ್ಪಾ. ಇದು ಹಂಗಿಲ್ಲ.”

ನವೆಂಬರಿನಲ್ಲಿ ಅವರ ತಂಡದಲ್ಲಿ ಇಪ್ಪತ್ತು ಜನರಿದ್ದರು, ಈಗ ಹನ್ನೊಂದು. ಶಿವದೇವಿಯ ಕರಾರು ಈ ಶುಕ್ರವಾರ ಮುಗಿಯುತ್ತಿತ್ತು. ಹೋದ ಒಂಬತ್ತು ಜನರಲ್ಲಿ ಬೇರೆ ಕಡೆ ಕೆಲಸ ಸಿಕ್ಕಿದ್ದು ಇಬ್ಬರಿಗೆ ಮಾತ್ರ.

“ಕಾಗದ ಓದಿದ್ರೇನು? ಸಹಿ ಮಾಡ್ರಿ, ಹತ್ತೂವರೆಗೆ ಶುರು,” ಎಂದರು ಅಮರೇಶಪ್ಪ. ಆ ಕಾಗದವನ್ನು ಅವರೂ ಪೂರ್ತಿ ಓದಿದ್ದಂತೆ ಕಾಣಲಿಲ್ಲ. ಅಮೆರಿಕದಿಂದ ಅದು ಬಂದಿದ್ದೇ ಅಂದು ಬೆಳಿಗ್ಗೆ.

ಅವಳು ಸಹಿ ಮಾಡಿದಳು.

ಚಿಕ್ಕ ಕೋಣೆ. ಎದುರಿಗೆ ಟಿವಿ, ಅದರ ಮೇಲೆ ಕ್ಯಾಮೆರಾ. ಪಕ್ಕದ ಗಾಜಿನ ಆಚೆ ಅಮರೇಶಪ್ಪ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಅವಳ ಕನ್ನಡವನ್ನು ಅನುವಾದಿಸಬೇಕಾದವರೂ ಅವರೇ. ಆಡಬೇಕಿದ್ದ ಉಳಿದಿಬ್ಬರದು ತೆಲುಗು; ಇಡೀ ಮಹಡಿಯಲ್ಲಿ ಕನ್ನಡ ಬರುತ್ತಿದ್ದದ್ದು ಇವರಿಬ್ಬರಿಗೇ.

ಗೇಮ್ ಶುರುವಾಯಿತು. ಮೊದಲು ಕಂಡದ್ದು ಚೆಂಡಲ್ಲ, ಬ್ಯಾಂಡು. ಇನ್ನೂರು ಮುನ್ನೂರು ಜನ ಒಂದೇ ಹೆಜ್ಜೆಯಲ್ಲಿ ಮೈದಾನಕ್ಕೆ ಬಂದರು. ಸುತ್ತ ಲಕ್ಷ ಜನರ ಕ್ರೀಡಾಂಗಣ, ಮುಖಕ್ಕೆ ಬಣ್ಣ ಬಳಿದುಕೊಂಡ ವಿದ್ಯಾರ್ಥಿಗಳು. ಆ ಸದ್ದು ಹೆಡ್‌ಫೋನಿನಲ್ಲಿ ಅಲೆಯಂತೆ ಏರಿತು. ಇಂಟರ್‌ನೆಟ್ ಸೆಂಟರಿನ ಕಂಪ್ಯೂಟರಿಗೆ ಸ್ಪೀಕರ್ ಇರಲಿಲ್ಲ. ಈ ಸದ್ದನ್ನು ಅವಳು ಕೇಳಿಯೇ ಇರಲಿಲ್ಲ.

“ಇದು ಕಾಲೇಜ್ ಏನ್ರಿ?” ಎಂದಳು. ನಟನೆಯಾಗಿರಲಿಲ್ಲ. “ನಮ್ಮ ಕಾಲೇಜಿನ್ಯಾಗ ಒಂದು ವಾಲಿಬಾಲ್ ನೆಟ್ ಇತ್ತು. ಅದೂ ಹರಿದಿತ್ತು.”

ಗಾಜಿನ ಆಚೆ ಅಮರೇಶಪ್ಪ ನಕ್ಕು ಬರೆದುಕೊಂಡರು. ಅವಳಿಗೆ ತುಸು ಉಸಿರು ಬಂತು. ಚೆಂಡು ಹಿಡಿದ ತನ್ನ ಆಟಗಾರನನ್ನು ಓಡಿಸಿದಳು. ಎಡಗಡೆಯಿಂದ ಇಬ್ಬರು ಬಂದು ಅವನನ್ನು ನೆಲಕ್ಕೆ ಕೆಡವಿದರು. ಅದೇ ಕ್ಷಣ ಕೈಯಲ್ಲಿದ್ದ ಕಂಟ್ರೋಲರ್ ಜೀವ ಬಂದಂತೆ ನಡುಗಿತು. ಅವಳು ಅದನ್ನು ತೊಡೆಯ ಮೇಲೆ ಬೀಳಿಸಿದಳು. ಅದೂ ನಟನೆಯಾಗಿರಲಿಲ್ಲ.

ಕಷ್ಟವಾದದ್ದು ಉಳಿದದ್ದು. ಗೊತ್ತಿದ್ದದ್ದನ್ನು ಗೊತ್ತಿಲ್ಲ ಎನ್ನಬೇಕು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು ಎಂದು ಗೊತ್ತಿದ್ದೂ, ಆ ಗುರಿ ತೋರಿಸುವ ಗೆರೆ ನೋಡಿ “ಈ ಹಳದಿ ಗೆರಿ ಏನು?” ಎಂದು ಕೇಳಬೇಕು. ಪ್ರತಿ ಸುಳ್ಳಿನ ನಂತರ ಅವಳ ಕಣ್ಣು ಗಾಜಿನ ಕಡೆ ಹೋಗುತ್ತಿತ್ತು. ಬೇಕೆಂದೇ ಎರಡು ಸಲ ತಪ್ಪು ಗುಂಡಿ ಒತ್ತಿದಳು.

ನಲವತ್ತನೆಯ ನಿಮಿಷಕ್ಕೆ ನಾಲ್ಕನೇ ಪ್ರಯತ್ನ ಬಂತು. ಇನ್ನೂ ಎಂಟು ಗಜ ಬಾಕಿ. ಅಂಥ ಹೊತ್ತಿನಲ್ಲಿ ಆಟ ಬಲ್ಲವರು ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ. ಗೇಮ್‌ನಲ್ಲಿ ಆ ಆಯ್ಕೆ ತೆರೆಯ ಮೇಲಿನ ಪಟ್ಟಿಯ ಮೂರನೆಯ ಪುಟದಲ್ಲಿತ್ತು, ಹುಡುಕದೆ ಸಿಗುವಂಥದ್ದಲ್ಲ. ಅವಳ ಬೆರಳು ಯೋಚಿಸಲಿಲ್ಲ. ಎರಡು ಪುಟ ದಾಟಿ ಅದನ್ನೇ ಒತ್ತಿತು. ಚೆಂಡು ಎತ್ತರಕ್ಕೆ ಹಾರಿತು.

ಗಾಜಿನ ಆಚೆ ಅಮರೇಶಪ್ಪನವರ ಪೆನ್ನು ನಿಂತಿತು.

ಅರ್ಧ ಆಟ ಮುಗಿದ ಮೇಲೆ ಹತ್ತು ನಿಮಿಷ ವಿರಾಮ. ಅವರು ಒಳಗೆ ಬಂದು ಕ್ಯಾಮೆರಾ ನಿಲ್ಲಿಸಿದರು, ಬಾಗಿಲು ಹಾಕಿದರು.

“ಆ ಒದಿಯೋದು ಯಾರು ಹೇಳಿಕೊಟ್ರವ್ವಾ?”

“ಯಾರಿಲ್ರಿ. ಓದಿದ್ನಿ.”

“ಎಷ್ಟು?”

“ಹತ್ತು ದಿನ. ನೀವು ತಯಾರಾಗಿ ಬರ್ರಿ ಅಂದಿದ್ರಿ.”

ಅವರು ಕುರ್ಚಿ ಎಳೆದು ಕೂತರು. “ಅಂದಿದ್ನಿ,” ಎಂದರು. “ಉಳಿದವ್ರಿಗೂ ಅಂದಿದ್ನಿ. ಅವ್ರು ನನ್ನ ಮಾತು ಎಂದೂ ಕೇಳಂಗಿಲ್ಲ, ಹಂಗಾಗಿ ಬಚಾವ್. ನೀ ಒಬ್ಬಾಕಿ ಕೇಳಿದಿ ನೋಡು.”

ಅವಳಿಗೆ ನಗು ಬರಲಿಲ್ಲ. “ಸುಳ್ಳು ಸಹಿ ಅಂದ್ರ ಏನ್ ಮಾಡ್ತಾರ್ರಿ?”

“ಕರಾರು ಹೋಗ್ತೈತಿ. ಬ್ಯಾರೆ ಕಂಪನಿಯವ್ರು ಫೋನ್ ಮಾಡಿ ಕೇಳಿದ್ರ ಇವ್ರು ಅದನ್ನೇ ಹೇಳ್ತಾರ.” ದನಿ ತಗ್ಗಿಸಿದರು. “ನೋಡು ತಂಗಿ, ಕನ್ನಡ ಬರೋದು ನನಗೊಬ್ಬಂಗ. ‘ಗಾಬರಿಯಾಗಿ ಯಾವುದೋ ಗುಂಡಿ ಒತ್ತಿದೆ’ ಅಂತ ನಾ ಬರೀತೀನಿ. ನೀ ಸುಮ್ಕ ಆಡು.”

ಅವರು ಹೊರಗೆ ಹೋದರು. ಕ್ಯಾಮೆರಾದ ಕೆಂಪು ದೀಪ ಮತ್ತೆ ಹತ್ತಿತು.

ಆದರೆ ಯಂತ್ರ ಪ್ರತಿ ಗುಂಡಿಯನ್ನೂ ಸೆಕೆಂಡಿನ ಲೆಕ್ಕದಲ್ಲಿ ದಾಖಲು ಮಾಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗಾಬರಿಯಾದವರ ಬೆರಳು ಎರಡು ಪುಟ ದಾಟಿ ನೇರ ಹೋಗುವುದಿಲ್ಲ. ಅಮೆರಿಕದಲ್ಲಿ ಯಾರೋ ಒಬ್ಬರು ಆ ದಾಖಲೆಯನ್ನೂ ಅನುವಾದವನ್ನೂ ಪಕ್ಕಪಕ್ಕ ಇಟ್ಟುಕೊಂಡರೆ ಸುಳ್ಳು ಇಬ್ಬರದಾಗುತ್ತದೆ. ಸಿಕ್ಕಿಬೀಳದಿದ್ದರೆ ಸರಿ. ಸಿಕ್ಕಿಬಿದ್ದರೆ? ಇವತ್ತಲ್ಲದಿದ್ದರೆ ಮುಂದಿನ ತಿಂಗಳು, ಅದರ ಮುಂದಿನ ತಿಂಗಳು. ಅಷ್ಟು ದಿನ ಈ ಬೆವರು ಹೊತ್ತು ಎಂಎಂಟಿಎಸ್ ಲೋಕಲ್ ರೈಲು ಹತ್ತಿ ಕೆಲಸಕ್ಕೆ ಬರಬೇಕು.

ಎರಡನೇ ಅರ್ಧದ ಆರನೇ ನಿಮಿಷದಲ್ಲಿ ಅವಳು ಆಟ ನಿಲ್ಲಿಸಿದಳು. ಕ್ಯಾಮೆರಾ ನೋಡಿ ಕನ್ನಡದಲ್ಲೇ ಹೇಳಿದಳು:

“ನಾನು ಈ ಆಟದ ಬಗ್ಗೆ ಹತ್ತು ದಿನ ಓದೀನಿ. ಮುಂಜಾನೆ ಸುಳ್ಳು ಸಹಿ ಮಾಡೀನಿ. ಅಂಜಿಕಿ ಆಗಿತ್ತು. ಆ ಬ್ಯಾಂಡಿನ ಸದ್ದು, ಕೈಯಾಗಿಂದು ನಡುಗಿದ್ದು, ಅವೆರಡು ಖರೇನೇ ಗೊತ್ತಿದ್ದಿಲ್ಲ. ಉಳಿದದ್ದು ಲೆಕ್ಕಕ್ಕ ಹಿಡೀಬ್ಯಾಡ್ರಿ.”

ಅಮರೇಶಪ್ಪ ಅವಳತ್ತ ನೋಡಲಿಲ್ಲ. ತಲೆ ತಗ್ಗಿಸಿ ಬರೆಯುತ್ತಿದ್ದರು. ಏನು ಬರೆದರೋ ತಿಳಿಯುವಂತಿರಲಿಲ್ಲ.

ಬುಧವಾರ, ಗುರುವಾರ ಅವರು ಆ ಮಾತೆತ್ತಲಿಲ್ಲ. ಕೇಳುವ ಧೈರ್ಯ ಅವಳಿಗೂ ಆಗಲಿಲ್ಲ. ಮನೆಯಲ್ಲಿ ಊಟ ಸೇರದೆ, ಶಿವರಾತ್ರಿ ಉಪವಾಸ ಇನ್ನೂ ಮುಗಿದಿಲ್ಲವೇ ಎಂದು ತಾಯಿಯಿಂದ ಅನ್ನಿಸಿಕೊಂಡಳು.

ಶುಕ್ರವಾರ ಹನ್ನೆರಡೂವರೆಗೆ ಎಚ್‌ಆರ್ ವಿಭಾಗದ ಶೋಭಾ ಅವಳನ್ನು ಕರೆಸಿದರು. ಮೇಜಿನ ಮೇಲೆ ಎರಡು ಕಾಗದ. ಒಂದು ಅಮರೇಶಪ್ಪನವರ ಅನುವಾದ, ಅಮೆರಿಕದಿಂದ ತಿರುಗಿ ಬಂದದ್ದು. ಶಿವದೇವಿ ನಿಂತುಕೊಂಡೇ ಓದಿದಳು. ಹರಿದ ನೆಟ್ಟಿನಿಂದ ಹಿಡಿದು ಸುಳ್ಳು ಸಹಿಯವರೆಗೆ ಒಂದು ಮಾತೂ ಬಿಟ್ಟಿರಲಿಲ್ಲ. ಕೊನೆಯಲ್ಲಿ ಅವಳು ಹೇಳಿರದ ಒಂದು ಸಾಲಿತ್ತು: ಓದಿಕೊಂಡು ಬರಲು ಹೇಳಿದವನು ನಾನು, ತಪ್ಪು ನನ್ನದು. ಅದರ ಕೆಳಗೆ ಅಮೆರಿಕದವರ ಉತ್ತರ: ಕನ್ನಡದಲ್ಲಿ ಮಾತಾಡಿದವರ ಆಟವನ್ನು ಕೈಬಿಡಲಾಗಿದೆ, ಆಡಿದವರ ಮೇಲೆ ದೂರಿಲ್ಲ.

ಇನ್ನೊಂದು ಅವಳ ಕರಾರು. ಮೂರು ತಿಂಗಳು ಮುಂದುವರಿಕೆ. ‘ತಂಡದ ಮುಖ್ಯಸ್ಥರು’ ಎಂಬಲ್ಲಿ ಅವಳು ಕೇಳಿರದ ಹೆಸರಿತ್ತು.

ಸಹಿ ಮಾಡದೆ ಹೊರಗೆ ಬಂದಳು. ಅಮರೇಶಪ್ಪ ತಮ್ಮ ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದರು.

“ನಿಮ್ಮನ್ನ ತಗದ್ರೇನ್ರಿ ಸರ್?”

“ತಗದಿಲ್ಲ. ಕೆಳಗಿನ ಮಹಡಿ, ಮೊಬೈಲ್ ಗೇಮು. ಹಾವು ಹಣ್ಣು ತಿಂತೈತೋ ಇಲ್ಲೋ ನೋಡೋದು.”

“ನನ್ನಿಂದ ಆತು.”

“ಸಂದೇಶ ಕಳಿಸಿದಾಂವ ನಾ. ನೀ ಅಲ್ಲ.” ಡ್ರಾಯರಿನಿಂದ ಒಂದು ಹಳೆಯ ಬಾಚಣಿಗೆ ತೆಗೆದು ನೋಡಿ ಕಸದ ಬುಟ್ಟಿಗೆ ಹಾಕಿದರು. “ಸಹಿ ಆತೇನು?”

“ಇಲ್ರಿ.”

“ಯಾಕ?”

“ಮುಖ್ಯಸ್ಥರು ಅನ್ನೋಕಡೆ ನಿಮ್ಮ ಹೆಸರಿಲ್ರಿ.”

“ಆದ್ರೂ ಸಹಿ ಮಾಡು ಹೋಗು,” ಎಂದರು ಅಮರೇಶಪ್ಪ. “ಒಂದಕ್ಕ ಶೋಭಾ ಊಟಕ್ಕ ಹೋಗ್ತಾಳ.”