ಮರಿಯ ಹೊಕ್ಕುಳು

"ಸಿಹಿನೀರಲ್ಲಿ ಶಾರ್ಕ್ ಎಲ್ಲಿಂದ ಬರುತ್ತೆ ರೀ? ಹೊತ್ತಾಯ್ತು, ಹೊರಡಿ," ಎಂದು ಮೀನು ಹೆಚ್ಚುವವಳು ಬೆಳಿಗ್ಗೆ ನಕ್ಕು ಗಂಡನನ್ನು ಕಳಿಸಿದ್ದಳು. ಅವನು ನದಿಯ ತಳಕ್ಕೆ ಮುಳುಗಿ ಬುಟ್ಟಿಗೆ ಮರಳು ತುಂಬುವವನು. ಹಿಂದಿನ ದಿನ ನೀರೊಳಗೆ ದಪ್ಪನೆಯದೇನೋ ಉಜ್ಜಿಕೊಂಡು ಹೋಗಿ ಅವನ ತೊಡೆ ತರಚಿತ್ತು. ಮರದ ದಿಮ್ಮಿಗೆಲ್ಲ ಹೆದರ್ತೀರಾ ಎಂದು ಛೇಡಿಸುತ್ತಲೇ ಅವಳು ಮುಲಾಮು ಹಚ್ಚಿದ್ದಳು.

ಮಧ್ಯಾಹ್ನ ಮೈದುನ ಬಂದು ತನ್ನ ಬಲೆಯ ಮೀನನ್ನು ಅವಳ ಮುಂದೆ ಸುರಿದ. ಪುಡಿಮೀನುಗಳ ನಡುವೆ ಒಂದು ಶಾರ್ಕ್ ಮರಿಯಿತ್ತು.

"ಸಮುದ್ರದಿಂದ ದಾರಿ ತಪ್ಪಿ ಬಂದಿದೆ ಅತ್ತಿಗೆ. ನಮ್ಮಣ್ಣನ ಹಾಗೇ, ಮನೆ ಬಿಟ್ರೆ ದಿಕ್ಕು ತಿಳಿಯಲ್ಲ."

ಅವಳು ನಗುತ್ತಾ ಮರಿಯನ್ನು ಹೆಚ್ಚಲು ಅಂಗಾತ ಮಾಡಿದಳು. ಎದೆಯ ರೆಕ್ಕೆಗಳ ನಡುವೆ ಹೊಕ್ಕುಳಿನ ಸೀಳು ಇನ್ನೂ ಹಸಿಯಾಗಿತ್ತು. ಎರಡು ಹೆತ್ತವಳಿಗೆ ಅದೇನೆಂದು ಯಾರೂ ಹೇಳಬೇಕಿರಲಿಲ್ಲ. ಅವಳ ನಗು ಅಲ್ಲಿಗೇ ನಿಂತಿತು.

"ಇದು ಈಗಷ್ಟೇ ಹುಟ್ಟಿರೋದು ಕಣೋ. ಹೆತ್ತವಳು ಇಲ್ಲೇ ಇದ್ದಾಳೆ. ಎಲ್ಲಿ ಸಿಕ್ತು?"

"ಅಣ್ಣ ಮುಳುಗೋ ತಿರುವಿನಲ್ಲೇ."

ಕೈಯ ಕತ್ತಿಯನ್ನೂ ಇಡದೆ ಅವಳು ದಡಕ್ಕೆ ಓಡಿದಳು. ದೋಣಿಯಲ್ಲಿ ಗಂಡನ ಜೊತೆಗಾರ ಬುಟ್ಟಿಯ ಹಗ್ಗ ಹಿಡಿದು ಆರಾಮಾಗಿ ಕೂತಿದ್ದ.

"ಅವ್ರನ್ನ ಮೇಲೆ ಕರೀರಿ, ಬೇಗ," ಎಂದು ಕೂಗಿದಳು.

ಅವನು ಮೂರು ಸಲ ಹಗ್ಗ ಜಗ್ಗಿದ. ಕೆಳಗಿನಿಂದ ಯಾರೂ ಮರಳಿ ಜಗ್ಗಲಿಲ್ಲ. ಗಾಬರಿಯಾಗಿ ಎಳೆದಾಗ ಅರ್ಧ ಮರಳು ತುಂಬಿದ ಬುಟ್ಟಿಯೊಂದೇ ಬಂತು. ಅದರ ಹಿಂದೆಯೇ ನೀರು ನಿಧಾನವಾಗಿ ಕೆಂಪಾಗತೊಡಗಿತು.